ಎಟಿಕೇಟಿಯ ಹಯಗ್ರೀವ

ಮಕ್ಕಳನ್ನು ಓದಿಸುವ ವಿಷಯದಲ್ಲಿ ನನಗೆ ಯಾರೂ ಏನೂ ಹೇಳಿಕೊಡಬೇಕಾಗಿಲ್ಲ ಎಂಬ ನಂಬಿಕೆ ನನ್ನಲ್ಲಿ ಬಹಳ ಕಾಲ ಇತ್ತು. ಊರಿನ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದವಳು ನಾನು. ಹತ್ತೊಂಬತ್ತರ ಮಗ್ಗಿಯನ್ನು ಕೆಳಗಿನಿಂದ ಮೇಲಕ್ಕೂ ಹೇಳುತ್ತಿದ್ದೆ. ಮಾಸ್ಟ್ರು ಒಮ್ಮೆ ಇಡೀ ತರಗತಿಯ ಮುಂದೆ, "ಇದು ಹೆಣ್ಣಿನ ತಲೆ ಅಲ್ಲ, ಶ್ಯಾನುಭಾಗರ ತಲೆ" ಎಂದಿದ್ದರು. ಅದು ಹೊಗಳಿಕೆಯೆಂದೇ ಎಲ್ಲರೂ ತಿಳಿದರು. ನಾನೂ ತಿಳಿದೆ.

ಆ ಶ್ಯಾನುಭಾಗರ ತಲೆ ಮುಂಬಯಿ ಪಕ್ಕದ ಡೊಂಬಿವಲಿಯಲ್ಲಿ ಹೇಗೆ ತಗ್ಗಿತು ಎಂಬುದನ್ನು, ಅನುಷಾ, ಇಶಾನ್, ನಿಮಗೋಸ್ಕರ ಬರೆಯುತ್ತಿದ್ದೇನೆ. ನಿಮ್ಮ ರೋಹನಣ್ಣ ಈ ಕಥೆಯನ್ನು ಹೋದಲ್ಲೆಲ್ಲ ಹೇಳುತ್ತಾನೆ, ಹೇಳಿದ ಪ್ರತಿ ಸಲವೂ ಒಂದಿಷ್ಟು ಉದ್ದ ಮಾಡುತ್ತಾನೆ. ಅವನು ಹೇಳುವಷ್ಟು ದೊಡ್ಡ ಕಥೆಯೇನಲ್ಲ. ನನ್ನ ಮಾನ ಹೋಗುವಷ್ಟು ದೊಡ್ಡದು, ಅಷ್ಟೇ. ಕನ್ನಡ ಓದಲು ಕಷ್ಟವಾದರೆ ನಿಮ್ಮ ಅಮ್ಮನಿಂದ, ನನ್ನ ಮಗಳಿಂದ, ಓದಿಸಿಕೊಳ್ಳಿ. ಅವಳು ನಡುನಡುವೆ ನಗುತ್ತಾಳೆ. ಮುಗಿಯುವ ತನಕ ಕಾಯಿರಿ.

ನನಗೆ ಮಾತು ಕಡಿಮೆ ಎಂದು ನಿಮಗೆ ಗೊತ್ತು. ತರಕಾರಿಯವನು ಹುಳುಕು ಬದನೆ ಹಾಕಿದರೆ, ಹುಳುಕು ಎಂದು ಹೇಳಲು ನಾಚಿಕೆಯಾಗಿ ಮನೆಗೆ ತಂದು ಹುಳುವನ್ನು ಬೈಯುವವಳು ನಾನು. ನಿಮ್ಮ ಅಜ್ಜ ಇದ್ದಷ್ಟು ದಿನ ನನ್ನ ಪಾಲಿನ ಮಾತನ್ನೂ ಅವರೇ ಆಡಿದರು. ಅವರು ಕಲ್ಯಾಣಿನ ಒಂದು ಹೋಟೆಲಿನಲ್ಲಿ ಟೇಬಲ್ ಒರೆಸುವುದರಿಂದ ಶುರುಮಾಡಿ ಗಲ್ಲಾದಲ್ಲಿ ಕೂರುವವರೆಗೆ ಏರಿದವರು. ನಾನು ಕಲಿತ ಇಂಗ್ಲಿಷೆಲ್ಲ ಆ ಹೋಟೆಲಿನದು: ಪಾರ್ಸೆಲ್, ಪ್ಲೇಟ್, ಆರ್ಡರ್, ಕ್ಲಿಯರ್. ಮನೆಯಲ್ಲಿ ನೆಲದ ಮೇಲೆ ಕೂತು ಉಂಡರೂ ಕೈ ತೊಳೆಯುತ್ತ "ಟೇಬಲ್ ಕ್ಲಿಯರ್!" ಎಂದು ಕೂಗುತ್ತಿದ್ದರು. ಹೋಟೆಲಿನಲ್ಲಿ ಯಾರನ್ನಾದರೂ ಕೆಲಸದಿಂದ ತೆಗೆದರೆ, "ಇವತ್ತು ಒಬ್ಬನನ್ನು ಕ್ಲಿಯರ್ ಮಾಡಿದೆ" ಎಂದು ಬೇಸರದಿಂದ ಹೇಳುತ್ತಿದ್ದರು. ಈ ಕ್ಲಿಯರ್ ಎಂಬ ಶಬ್ದವನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ನಾನು ನೆನಪಿಟ್ಟುಕೊಂಡದ್ದೇ ತಪ್ಪಾಯಿತು.

ರೋಹನ ಆಗ ನವಿ ಮುಂಬಯಿಯ ಒಂದು ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದ. ಮೊಬೈಲು ಬಂದಿತ್ತು, ಆದರೆ ಮಾತಾಡುವುದಕ್ಕಲ್ಲ, ಮಿಸ್ಡ್ ಕಾಲ್ ಕೊಡುವುದಕ್ಕೆ. ಅವನ ಅಪ್ಪ, ನನ್ನ ಮಗ ಸದಾಶಿವ, ಮಹಾಪೆಯ ಕಂಪ್ಯೂಟರ್ ಕಂಪನಿಯೊಂದರಲ್ಲಿ ಕ್ಯಾಂಟೀನ್ ನಡೆಸುತ್ತಿದ್ದ. ಮಗ ಆ ಕ್ಯಾಂಟೀನಿನಲ್ಲಿ ಊಟ ಮಾಡುವವನಾಗಬೇಕು, ಊಟ ಬಡಿಸುವವನಲ್ಲ ಎಂಬುದು ಅವನ ಒಂದೇ ಆಸೆ. ರೋಹನ ಓದಿನಲ್ಲಿ ಮೈಗಳ್ಳತನ ಮಾಡತೊಡಗಿದಾಗ ಸದಾಶಿವ ಒಂದೇ ಮಾತು ಹೇಳಿದ್ದ:

"ನೋಡು ಮಾರಾಯ, ಫೇಲಾದ್ರೆ ಬೈಯುದಿಲ್ಲ. ಹೊಡೆಯುದೂ ಇಲ್ಲ. ಮರುದಿನ ನನ್ನೊಟ್ಟಿಗೆ ಮಹಾಪೆಗೆ ಬಂದು ಊಟದ ಕೂಪನ್ ಹರಿಲಿಕ್ಕೆ ಕೂತ್ಕೊ."

ಹುಡುಗ ಬೆಚ್ಚಿದ. ನಾನು ಸೊಂಟಕ್ಕೆ ಸೆರಗು ಸಿಕ್ಕಿಸಿದೆ. ವಿಶ್ವವಿದ್ಯಾಲಯದ ವಿದ್ಯಾರ್ಥಿಗೆ ನೆರವಾಗುವ ಮಹತ್ಕಾರ್ಯ ಹೀಗೆ ಆರಂಭವಾಯಿತು!

ನನ್ನ ಕ್ರಮ ಸರಳವಾಗಿತ್ತು. ಬೆಳಿಗ್ಗೆ ಬೇಗ ಏಳಿಸುವುದು, ನೆನಪಿನ ಶಕ್ತಿಗೆ ಒಂದೆಲಗದ ಚಟ್ನಿ ತಿನ್ನಿಸುವುದು, ಎದುರು ಕೂತು ಗಟ್ಟಿಯಾಗಿ ಓದಿಸುವುದು. ಊರಿನ ಶಾಲೆಯಲ್ಲಿ ಗಟ್ಟಿಯಾಗಿ ಓದದಿದ್ದರೆ ಓದಿದಂತೆಯೇ ಅಲ್ಲ.

"ಅಜ್ಜಿ, ಇಂಜಿನಿಯರಿಂಗ್ ಮೇ ಕೋಯಿ ಐಸೇ ನಹೀ ಪಢ್‌ತಾ," ಹೀಗೆ ಯಾರೂ ಓದುವುದಿಲ್ಲವೆಂದು ರೋಹನ ಗೊಣಗಿದ.

"ನೀನು ಓದು. ನಾನು ಕೇಳ್ತೇನೆ."

ಓದಿದ. ಎಂಥ ಓದು! ಎಂಜಿನ್, ಗೇರ್, ಸ್ಪೀಡ್ ಎಂದು ಇಂಗ್ಲಿಷ್ ನೀರಿನಂತೆ ಹರಿಯುತ್ತಿತ್ತು. ಕೆಲವು ಕಡೆ ಅವನಿಗೇ ರೋಮಾಂಚನವಾಗಿ ದನಿ ಏರುತ್ತಿತ್ತು. ಪಾಠದಲ್ಲಿ ಇಷ್ಟು ಪ್ರೀತಿ ಇರುವ ಹುಡುಗನಿಗೆ ಕೂಪನ್ ಹರಿಯುವ ಗತಿ ಬರಲಾರದು ಎಂದು ನಾನು ತಲೆದೂಗುತ್ತಿದ್ದೆ. ಆ ಪುಸ್ತಕದ ತುಂಬ ಮೋಟಾರ್ ಸೈಕಲ್ಲಿನ ಬಣ್ಣದ ಚಿತ್ರಗಳಿದ್ದವು. ಎಂಜಿನಿಯರಿಂಗ್ ಎಂದಮೇಲೆ ಮೋಟಾರ್ ಸೈಕಲ್ ಇರುವುದೇ ಅಲ್ಲವೇ? ಅದು ಸ್ಟೇಷನ್ನಿನ ಅಂಗಡಿಯಲ್ಲಿ ಸಿಗುವ ಮೋಟಾರ್ ಸೈಕಲ್ ಪತ್ರಿಕೆ ಎಂದು ನನಗೆ ತಿಳಿದದ್ದು ಆಮೇಲೆ. ಇಡೀ ವರ್ಷ ನಾನು ಶ್ರದ್ಧೆಯಿಂದ ಕೇಳಿದ್ದು ಹೊಸ ಬೈಕುಗಳ ಗುಣಗಾನ!

ಪರೀಕ್ಷೆ ಮುಗಿದು ಫಲಿತಾಂಶ ಬಂದ ವಾರ ಸದಾಶಿವನೂ ಸೊಸೆ ಸುಮಿತ್ರೆಯೂ ಮದುವೆಗೆಂದು ಊರಿಗೆ ಹೋಗಿದ್ದರು. ಮನೆಯಲ್ಲಿ ನಾನು ಮತ್ತು ರೋಹನ. ಅವನು ಸೈಬರ್ ಕೆಫೆಗೆ ಹೋಗಿ ಫಲಿತಾಂಶ ನೋಡಿ ಬಂದವನೇ ಚಪ್ಪಲಿಯನ್ನೂ ಬಿಡದೆ ಗೆಳೆಯನಿಗೆ ಫೋನು ಹಚ್ಚಿದ.

"ಅರೇ ಬಚ್ ಗಯಾ ಯಾರ್! ಎಟಿಕೇಟಿ ಮಿಲ್ ಗಯಾ! ಎಟಿಕೇಟಿ!"

ಮುಖ ಅರಳಿತ್ತು. ಒಂದು ಸುತ್ತು ಕುಣಿದ. ಎಟಿಕೇಟಿ ಎಂದರೆ ಏನೆಂದು ನನಗೆ ಗೊತ್ತಿರಲಿಲ್ಲ. ಆದರೆ ಸಿಕ್ಕಿತು ಎಂದು ಮನುಷ್ಯ ಕುಣಿಯುವಂಥದ್ದು ಏನಿರಬಹುದು ಎಂಬುದನ್ನು ಊಹಿಸಲಾರದಷ್ಟು ದಡ್ಡಿ ನಾನಲ್ಲ.

"ಒಳ್ಳೆದಾ ಮಗಾ ಅದು?"

"ಒಳ್ಳೇದೇ ಅಜ್ಜಿ. ನೆಕ್ಸ್ಟ್ ಇಯರ್‌ಗೆ ಹೋಗ್ಬಹುದು. ಎಷ್ಟೋ ಜನರಿಗೆ ಇದೂ ಸಿಗ್ಲಿಲ್ಲ, ಮಾಲೂಮ್?"

ಎಷ್ಟೋ ಜನರಿಗೆ ಸಿಗದ್ದು ನಮ್ಮ ಹುಡುಗನಿಗೆ ಸಿಕ್ಕಿದೆ! ಅವನು ಹೊರಗೆ ಹೋದ ಕೂಡಲೇ ಕಡಲೆಬೇಳೆ ಬೇಯಲು ಇಟ್ಟೆ. ಬೆಲ್ಲ, ಕಾಯಿತುರಿ, ತುಪ್ಪ, ಏಲಕ್ಕಿ, ಗೋಡಂಬಿ. ಕಡಾಯಿ ತುಂಬ ಹಯಗ್ರೀವ. ಯಾರ ಮನೆಯ ಬಾಗಿಲ ಬೆಲ್ ಒತ್ತಲೂ ನಾಚುವ ನಾನು ಅಂದು ನಮ್ಮ ಬಿಲ್ಡಿಂಗಿನ ಪ್ರತಿಯೊಂದು ಬೆಲ್ಲನ್ನೂ ಒತ್ತಿದೆ. ಸಂತೋಷ ಎನ್ನುವುದು ಮನುಷ್ಯನಿಂದ ಏನೇನು ಮಾಡಿಸುತ್ತದೆ!

ಎದುರು ಮನೆಯ ಕುಲಕರ್ಣಿ ಕಾಕು ಬಟ್ಟಲು ಕೈಯಲ್ಲಿ ಹಿಡಿದು, "ಕಾಯ್ ವಿಶೇಷ್, ಆಜಿ?" ಎಂದರು.

"ರೋಹನಲಾ ಎಟಿಕೇಟಿ ಮಿಳಾಲಾ!" ಎಂದೆ, ನನಗೆ ಬರುವ ಮರಾಠಿಯಲ್ಲಿ.

ಕಾಕು ಬಟ್ಟಲನ್ನು ನೋಡಿದರು. ನನ್ನನ್ನು ನೋಡಿದರು. ಆಮೇಲೆ ನನ್ನ ಎರಡೂ ಕೈ ಹಿಡಿದು, "ಆಜಿ, ತುಮ್ಹೀ ಖರಂಚ್ ಥೋರ್ ಆಹಾತ್!" ಎಂದು ಬಾಗಿಲು ಹಾಕಿಕೊಂಡರು. ನಾನು ನಿಜವಾಗಿಯೂ ದೊಡ್ಡವಳೆಂದು ಹೇಳಿದರಲ್ಲ, ಅದು ನನಗೂ ಹೌದೆನಿಸಿತು. ಬಾಗಿಲ ಹಿಂದೆ ಯಾರೋ ಕೆಮ್ಮಿದಂತೆ ನಕ್ಕದ್ದು ಕೇಳಿಸಿತು. ಏಲಕ್ಕಿ ಗಂಟಲಿಗೆ ಸಿಕ್ಕಿರಬೇಕು ಎಂದುಕೊಂಡೆ.

ಇಲ್ಲಿಗೇ ನಿಂತಿದ್ದರೆ ಮಾನ ಬಿಲ್ಡಿಂಗಿನ ಒಳಗೇ ಹೋಗುತ್ತಿತ್ತು. ಆದರೆ ಒಂದು ಡಬ್ಬಿ ಹಯಗ್ರೀವ ಉಳಿಯಿತು. ಅದನ್ನು ನಮ್ಮ ಕನ್ನಡ ಸಂಘದ ಮಹಿಳಾ ವಿಭಾಗದ ಕಾರ್ಯದರ್ಶಿ ವೀಣಾಳ ಮನೆಗೆ ಒಯ್ದೆ. ವೀಣಾ ಬೆಂಗಳೂರಿನವಳು. ಗಂಡನಿಗೆ ವರ್ಗವಾಗಿ ಡೊಂಬಿವಲಿಗೆ ಬಂದು ವರ್ಷವಷ್ಟೇ ಆಗಿತ್ತು. ಮಕ್ಕಳಿನ್ನೂ ಬಾಲವಾಡಿಯಲ್ಲಿದ್ದವು.

"ಅಯ್ಯೋ ಬನ್ನಿ ಆಂಟಿ! ಏನ್ ಸ್ವೀಟು, ಏನ್ ಸಮಾಚಾರ?"

"ನಮ್ಮ ರೋಹನನಿಗೆ ಎಟಿಕೇಟಿ ಸಿಕ್ಕಿತು."

"ವಾವ್! ನಮ್ ಬೆಂಗ್ಳೂರ್ ಕಡೆ ಅದಿಲ್ಲ ಆಂಟಿ. ತುಂಬಾ ಕಷ್ಟದ್ದಾ?"

"ಎಷ್ಟೋ ಜನರಿಗೆ ಸಿಗುದಿಲ್ಲವಂತೆ."

"ಹಾಗಾದ್ರೆ ಭಾನುವಾರ ನೀವು ಮಾತಾಡ್ಲೇಬೇಕು! ಒಳ್ಳೆ ಮಾರ್ಕ್ಸ್ ತಗೊಂಡ ಮಕ್ಕಳಿಗೆ ಸನ್ಮಾನ ಇದೆಯಲ್ಲ, ಅಲ್ಲಿ. ಕಾಲೇಜು ಮಕ್ಕಳ ಓದಿಗೆ ಮನೆಯವರು ಹೇಗೆ ಸಹಾಯ ಮಾಡ್ಬೇಕು ಅಂತ ನಾಲ್ಕು ಮಾತು. ಇಲ್ಲ ಅನ್ಬೇಡಿ ಆಂಟಿ."

ಇಲ್ಲ ಎನ್ನಲು ನನಗೆ ನಾಚಿಕೆ. ಆದ್ದರಿಂದ ಒಪ್ಪಿಕೊಂಡೆ.

ಭಾನುವಾರ ಬೆಳಿಗ್ಗೆ ಮಗ, ಸೊಸೆ ಊರಿನಿಂದ ಬಂದಿಳಿದರು. ರೋಹನ ಅವರಿಗೆ ಫೋನಿನಲ್ಲಿ "ಮುಂದಿನ ವರ್ಷಕ್ಕೆ ಹೋದೆ" ಎಂದಷ್ಟೇ ತಿಳಿಸಿದ್ದನಂತೆ. ಅಮ್ಮ ವೇದಿಕೆಯ ಮೇಲೆ ಮಾತಾಡುತ್ತಾಳೆಂದು ಕೇಳಿ ಸದಾಶಿವ ಪ್ರಯಾಣದ ದಣಿವನ್ನೂ ಮರೆತು ಇಸ್ತ್ರಿ ಅಂಗಿ ಹಾಕಿಕೊಂಡ. ಏನು ಮಾತಾಡುತ್ತೇನೆಂದು ನಾನು ರೋಹನನಿಗೂ ಹೇಳಿರಲಿಲ್ಲ. ಅವನೂ ಸೇರಿ ಮೂವರೂ ಮುಂದಿನ ಸಾಲಿನಲ್ಲೇ ಕೂತರು. ಹೆಚ್ಚು ಅಂಕದ ಮಕ್ಕಳು ಶಾಲು ಹೊದ್ದು ವೇದಿಕೆಯ ಪಕ್ಕ ಕೂತಿದ್ದರು. ತಾಯಂದಿರು "ನೋಡಿ ಕಲಿ" ಎಂದು ಎಳೆದು ತಂದ ಮಕ್ಕಳು ಹಿಂದಿನ ಗೋಡೆಗೆ ಒರಗಿದ್ದರು.

ನಾನು ಕಣ್ಣು ಮುಚ್ಚಿಕೊಂಡು, ಬಾಯಿಪಾಠ ಮಾಡಿದ್ದನ್ನು ಶುರುಮಾಡಿದೆ.

"ಮಾನ್ಯರೇ, ನನ್ನ ಮೊಮ್ಮಗನಿಗೆ ಈ ಸಲ ಎಟಿಕೇಟಿ ಸಿಕ್ಕಿದೆ."

ಸಭೆ ನಿಶ್ಶಬ್ದವಾಯಿತು. ಗೌರವವೆಂದುಕೊಂಡೆ.

"ಅದು ಅವನೊಬ್ಬನ ಸಾಧನೆ ಅಲ್ಲ. ಅವನಿಗೆ ಎಟಿಕೇಟಿ ಬರಬೇಕು ಎಂದು ನಾನೂ ಒಂದು ವರ್ಷ ಕಷ್ಟಪಟ್ಟಿದ್ದೇನೆ."

ಯಾರೋ ಕಿಸಕ್ಕೆಂದರು. ಧೈರ್ಯ ಬಂತು. ಕಣ್ಣು ತೆರೆದೆ.

"ಬೆಳಿಗ್ಗೆ ಏಳಿಸಿ ಒಂದೆಲಗದ ಚಟ್ನಿ ತಿನ್ನಿಸಿ. ಎದುರಿಗೆ ಕೂತು ಗಟ್ಟಿಯಾಗಿ ಓದಿಸಿ. ಯಾವ ಮಗುವಿಗೂ ಎಟಿಕೇಟಿ ತಪ್ಪುವುದಿಲ್ಲ!"

ಹಿಂದಿನ ಗೋಡೆಯ ಕಡೆಯಿಂದ ಸಿಳ್ಳೆ ಬಂತು. ಚಪ್ಪಾಳೆಯೂ ಬಂತು. ನನ್ನ ಜೀವಮಾನದಲ್ಲಿ ನನಗಾಗಿ ಬಿದ್ದ ಮೊದಲ ಚಪ್ಪಾಳೆ ಅದು. ಮಾತು ಅಲ್ಲಿಗೆ ಮುಗಿಸಬೇಕಿತ್ತು. ಆದರೆ ಶಾಲು ಹೊದ್ದ ಮಕ್ಕಳನ್ನು ನೋಡಿ, ಇವರಿಗೆ ಏನೂ ಹರಸಲಿಲ್ಲವಲ್ಲ ಎಂದು ಕನಿಕರವಾಯಿತು.

"ಇಲ್ಲಿ ಶಾಲು ಹೊದ್ದು ಕೂತ ಮಕ್ಕಳೂ ಬೇಸರ ಮಾಡಬಾರದು. ದೇವರ ದಯೆಯಿಂದ ಬರುವ ವರ್ಷ ನಿಮ್ಮೆಲ್ಲರಿಗೂ ಎಟಿಕೇಟಿ ಸಿಗಲಿ!"

"ಬಿಡ್ತು ಅನ್ನಿ ಅಜ್ಜೀ!" ಎಂದು ಒಬ್ಬ ತಾಯಿ ಎದ್ದೇ ನಿಂತಳು. ಶಾಲು ಹೊದ್ದ ಮಗಳ ತಲೆಯನ್ನು ಅವಳು ಎರಡೂ ಕೈಯಲ್ಲಿ ಮುಚ್ಚಿಕೊಂಡಿದ್ದಳು, ಮಳೆ ಬಂದಾಗ ಮುಚ್ಚುವ ಹಾಗೆ.

ಸಭೆಯಲ್ಲಿ ಎದ್ದ ನಗು ಎಷ್ಟು ಹೊತ್ತಿತ್ತೆಂದು ಹೇಳಲಾರೆ. ಮುಂದಿನ ಸಾಲು ನೋಡಿದೆ. ಸುಮಿತ್ರೆ ಸೆರಗಿನಲ್ಲಿ ಮುಖ ಮುಚ್ಚಿದ್ದಳು. ಸದಾಶಿವ ರೋಹನನನ್ನು ನೋಡುತ್ತಿದ್ದ. ರೋಹನನ ಕುರ್ಚಿಯಲ್ಲಿ ರೋಹನ ಇರಲಿಲ್ಲ. ಅವನು ಬಗ್ಗಿ ಚಪ್ಪಲಿ ಹುಡುಕುತ್ತಿದ್ದ. ಚಪ್ಪಲಿ ಕಾಲಲ್ಲೇ ಇತ್ತು.

ಮನೆಯೊಳಗೆ ಬಂದ ಮೇಲೆ ಸುಮಿತ್ರೆ ಮೆಲ್ಲಗೆ ಹೇಳಿದಳು.

"ಅತ್ತೆ, ಎಟಿಕೇಟಿ ಅಂದ್ರೆ ಬಹುಮಾನ ಅಲ್ಲ. ಒಂದೆರಡು ವಿಷಯದಲ್ಲಿ ಫೇಲ್. ಆದ್ರೂ ಮುಂದಿನ ಕ್ಲಾಸಿನಲ್ಲಿ ಕೂರ್ಲಿಕ್ಕೆ ಬಿಡ್ತಾರೆ. ಫೇಲಾದ್ದನ್ನು ಪುನಃ ಕಟ್ಟಿ ಪಾಸ್ ಮಾಡ್ಬೇಕು."

ಏಟೂ ಬಿತ್ತು, ಕೆಟ್ಟೂ ಹೋಯಿತು ಎಂದು ಆ ಶಬ್ದವೇ ಕನ್ನಡದಲ್ಲಿ ಕೂಗಿ ಹೇಳುತ್ತಿತ್ತು. ಕಿವಿ ನನ್ನದು ಮಂದ!

"ಎಷ್ಟು ವಿಷಯ?" ಸದಾಶಿವ ಕೇಳಿದ.

"ಎರಡು, ಪಪ್ಪಾ. ಥರ್ಮೋ ಔರ್ ಮ್ಯಾಥ್ಸ್."

"ಮತ್ತೆ ನನ್ನತ್ರ ಪಾಸ್ ಅಂದದ್ದು?"

"ಪಾಸ್ ಅನ್ಲಿಲ್ಲ. ಮುಂದೆ ಹೋದೆ ಅಂದೆ."

"ಹೌದು, ಮುಂದೆ ಹೋಗು. ಈ ಸಲ ಅದೆರಡು ಪಾಸಾಗದಿದ್ರೆ ಮಹಾಪೆಯವರೆಗೂ ಹೋಗು. ಕೂಪನ್ ಅಲ್ಲೇ ಉಂಟು."

ಹುಡುಗ ಹೇಗೋ ಗುಟ್ಟಾಗಿ ಕಟ್ಟಿ ಮುಗಿಸಬಹುದಾಗಿದ್ದ ವಿಷಯವನ್ನು ನಾನು ತುಪ್ಪ, ಗೋಡಂಬಿ ಹಾಕಿ ಊರಿಗೆಲ್ಲ ಹಂಚಿದ್ದೆ.

ಮರುವಾರ ಬಾಗಿಲು ತೆರೆದರೆ ಮೂವರು ನಿಂತಿದ್ದರು. ಸಿಳ್ಳೆ ಹೊಡೆದ ಗೋಡೆಯವರು. ಮುಂದೆ ನಿಂತವನು ವಿಠ್ಠಲವಾಡಿಯ ಪ್ರಥಮೇಶ, ರೋಹನನ ಕಾಲೇಜಿನವನೇ. ಸಭೆಗೆ ಅವನು ಬಂದದ್ದು ಊಟ ಇದೆ ಎಂದು ಕೇಳಿ.

"ಎಟಿಕೇಟಿವಾಲ್ಯಾ ಆಜಿ ಇಥೇಚ್ ರಾಹತಾತ್ ನಾ?"

ಎಟಿಕೇಟಿಯ ಅಜ್ಜಿ ಎಂಬ ಈ ಹೆಸರು ಆಗಲೇ ಸ್ಟೇಷನ್ನಿನವರೆಗೆ ಹೋಗಿತ್ತೆಂದು ಅವನಿಂದ ತಿಳಿಯಿತು. ಅವರಿಗೂ ಎಟಿಕೇಟಿ. ಅವರ ಮನೆಯಲ್ಲಿ ಅದಕ್ಕೆ ಬೈಗುಳ ಸಿಕ್ಕಿತ್ತು. ಸಿಹಿ ಸಿಗುವ ಮನೆ ಇದೊಂದೇ ಎಂದು ಹುಡುಕಿಕೊಂಡು ಬಂದಿದ್ದರು. ಬಂದವರನ್ನು ಹೋಗಿ ಎನ್ನಲು ನನಗೆ ನಾಚಿಕೆ. ಒಳಗೆ ಕೂರಿಸಿದೆ. ದಿನವೂ ಬರತೊಡಗಿದರು.

ಕೂತ ಮೇಲೆ ಓದಬೇಕಲ್ಲ! ಗಣಿತದಲ್ಲಿ ಸಹಾಯ ಮಾಡೋಣವೆಂದು ಅವರ ಪುಸ್ತಕ ತೆಗೆದುಕೊಂಡೆ. ಪುಟ ತಿರುವಿದೆ, ಮತ್ತೆ ತಿರುವಿದೆ. ಅಂಕಿಗಳೇ ಇರಲಿಲ್ಲ! ಬರೀ ಅಕ್ಷರ, ನಡುನಡುವೆ ಹಾವಿನ ಮರಿಯಂಥ ಗುರುತುಗಳು. ಹತ್ತೊಂಬತ್ತರ ಮಗ್ಗಿಯನ್ನು ನುಂಗಿಕೊಂಡು ಪುಸ್ತಕ ಹಿಂದೆ ಕೊಟ್ಟೆ.

ಇನ್ನು ಉಳಿದದ್ದು ಒಂದೇ ವಿದ್ಯೆ: ಪಾಠ ಒಪ್ಪಿಸುವುದು. ಊರಿನ ಶಾಲೆಯಲ್ಲಿ ನಿನ್ನೆ ಓದಿದ್ದನ್ನು ಇವತ್ತು ಮಾಸ್ಟ್ರಿಗೆ ಒಪ್ಪಿಸದೆ ಕೂರುವಂತಿರಲಿಲ್ಲ. ಆದರೆ ಮೋಟಾರ್ ಸೈಕಲ್ಲಿನ ಅನುಭವವಾದ್ದರಿಂದ ಒಂದು ಕಟ್ಟಳೆ ಮಾಡಿದೆ. ಇಂಗ್ಲಿಷ್ ಕೂಡದು. ಹಿಂದಿ, ಮರಾಠಿ, ಕನ್ನಡ ಯಾವುದಾದರೂ ಸರಿ. ಪುಸ್ತಕ ಮುಚ್ಚಿ ನನಗೆ ಅರ್ಥವಾಗುವ ಹಾಗೆ ಹೇಳಬೇಕು.

"ಅಜ್ಜಿ, ಥರ್ಮೋ ನಿಮಗೆ ಹೇಗೆ ಅರ್ಥ ಆಗ್ತದೆ?" ಎಂದ ರೋಹನ.

"ನಿನಗೆ ಆಗಿದ್ರೆ ನನಗೂ ಆಗ್ತದೆ."

ಅವನು ತಲೆ ಕೆರೆದು ಶುರುಮಾಡಿದ. "ನೋಡಿ, ಬಿಸಿ ಇದ್ದ ಕಡೆಯಿಂದ ತಣ್ಣಗೆ ಇದ್ದ ಕಡೆಗೆ ಶಾಖ ತಾನಾಗಿ ಹೋಗ್ತದೆ. ತಣ್ಣಗಿದ್ದದ್ದು ತಾನಾಗಿ ಬಿಸಿ ಆಗೋದಿಲ್ಲ."

"ಅಷ್ಟೇಯಾ?"

"ಅಷ್ಟೇ ಅಂದ್ರೆ? ಇದು ಬಹುತ್ ಬಡಾ ನಿಯಮ ಅಜ್ಜಿ!"

"ಆರಿದ ಸಾರು ತಾನಾಗಿ ಬಿಸಿ ಆಗುದಿಲ್ಲ ಅಂತ ಕಲೀಲಿಕ್ಕೆ ನಿನ್ನಪ್ಪ ಇಷ್ಟು ಫೀಸ್ ಕಟ್ಟಿದ್ದಾ?"

ರೋಹನ ಅದನ್ನು ಮರಾಠಿಯಲ್ಲಿ ಹೇಳಿದ್ದೇ ಪ್ರಥಮೇಶ ಚಾಪೆಯ ಮೇಲೆ ಉರುಳಿ ನಕ್ಕ. ಆದರೆ ಯಾಕೆ ಆಗುವುದಿಲ್ಲ ಎಂದು ನಾನು ಕೇಳಿದಾಗ ಅವನೂ ಎದ್ದು ಕೂತ. ಇಬ್ಬರೂ ಪುಸ್ತಕ ತೆರೆದರು. ನನ್ನ ಪ್ರಶ್ನೆ ಜಾಣತನದ್ದಲ್ಲ, ಮುಂದೆ ಏನು ಕೇಳಬೇಕೆಂದು ತೋಚದೆ ಕೇಳಿದ್ದು.

ನಿಜ ಹೇಳುತ್ತೇನೆ, ಅವರು ಹೇಳಿದ್ದರಲ್ಲಿ ಸಾರಿನ ನಂತರದ್ದು ನನಗೆ ಏನೂ ಅರ್ಥವಾಗಲಿಲ್ಲ. ತೂಕಡಿಕೆ ಬರುತ್ತಿತ್ತು. ಅದಕ್ಕೂ ಅವರು ಒಂದು ನಿಯಮ ಮಾಡಿಕೊಂಡರು. ಅಜ್ಜಿ ತೂಕಡಿಸುವ ಮೊದಲು ಹೇಳಿ ಮುಗಿಸಿದವನು ಪಾಸು. ನಡುವೆ ನನ್ನ ತಲೆ ವಾಲಿದರೆ "ಆಜಿ ಝೋಪಲ್ಯಾ! ಫೇಲ್!" ಎಂದು ಕೂಗುತ್ತಿದ್ದರು. ಸೋತವನು ಮತ್ತೆ ಓದಿ, ಚಿಕ್ಕದಾಗಿ, ಸ್ಪಷ್ಟವಾಗಿ ಹೇಳಬೇಕು. ಹೀಗೆ ನನ್ನ ವಿದ್ಯೆಯಿಂದ ಆಗದ ಉಪಕಾರ ನನ್ನ ನಿದ್ದೆಯಿಂದ ಆಗುತ್ತಿತ್ತು. ಆಗ ಅದು ಉಪಕಾರವೆಂದು ನನಗೆ ಗೊತ್ತಿರಲಿಲ್ಲ. ಓದಿಸಲು ಕೂತು ನಿದ್ದೆ ಹೋಗುತ್ತೇನಲ್ಲ ಎಂದು ದಿನವೂ ನಾಚುತ್ತಿದ್ದೆ.

ಪುನಃ ಪರೀಕ್ಷೆ ಆಯಿತು. ಫಲಿತಾಂಶದ ದಿನ ಮಧ್ಯಾಹ್ನ ಮನೆಯಲ್ಲಿ ನಾನೊಬ್ಬಳೇ. ಫೋನು ರಿಂಗಾಯಿತು. ರೋಹನ ಲೋಕಲ್ ರೈಲಿನಲ್ಲಿದ್ದ. ಗದ್ದಲದ ನಡುವೆ ಅವನ ಕೂಗು.

"ಅಜ್ಜಿ! ಕ್ಲಿಯರ್ ಹೋ ಗಯಾ! ದೋನೋ ಕ್ಲಿಯರ್! ಪಪ್ಪಾಗೆ ಹೇಳಿ..."

ಫೋನು ಕಡಿದುಹೋಯಿತು.

ಕ್ಲಿಯರ್! ಕಾಲೇಜಿನವರು ಹುಡುಗನನ್ನು ಕ್ಲಿಯರ್ ಮಾಡಿಬಿಟ್ಟರು. ದೋನೋ ಎಂದರೆ ಇಬ್ಬರನ್ನೂ, ಆ ಪ್ರಥಮೇಶನನ್ನೂ! ಸಿಹಿ ಹಂಚಿ ಗುಟ್ಟು ಹೊರಹಾಕಿದವಳು ನಾನು. ಓದಿಸುತ್ತೇನೆಂದು ಕೂತು ತೂಕಡಿಸಿದವಳೂ ನಾನು. ಅಳುತ್ತಲೇ ಕ್ಯಾಂಟೀನಿಗೆ ಫೋನು ಮಾಡಿದೆ.

"ಸದಾಶಿವ, ಮಗುವನ್ನು ಕ್ಲಿಯರ್ ಮಾಡಿದ್ರಂತೆ."

"ಎಂತ? ಯಾರು ಹೇಳಿದ್ದು?"

"ಅವನೇ. ದೋನೋ ಕ್ಲಿಯರ್ ಅಂದ. ಅವನಿಗೆ ಬೈಬೇಡ, ತಪ್ಪು ನನ್ನದು. ಕೂಪನ್ ಹರಿಲಿಕ್ಕೆ ಎಲ್ಲರ ಎದುರು ಕೂರಿಸಬೇಡ, ಒಳಗೆ ಎಲ್ಲಿಯಾದರೂ ಕೆಲಸ ಕೊಡು. ನಿನ್ನ ಅಪ್ಪನೂ ಟೇಬಲ್ ಒರೆಸಿಯೇ ಮೇಲೆ ಬಂದದ್ದು."

ಪಾತ್ರೆಗಳ ಸದ್ದು ನಿಲ್ಲಿಸಿರೆಂದು ಅವನು ಆ ಕಡೆ ಯಾರಿಗೋ ಕೂಗಿದ. ಆಮೇಲೆ ನನಗೆ ಹೇಳಿದ.

"ಅಮ್ಮ, ಅಳಬೇಡ. ಈಗ ಹೋಗಿ ಕಡಲೆಬೇಳೆ ಬೇಯಲು ಇಡು. ಹಯಗ್ರೀವ ಮಾಡು."

ದುಃಖ ಹೆಚ್ಚಾಗಿ ಮಗನಿಗೆ ತಲೆ ಕೆಟ್ಟಿತು ಎಂದುಕೊಂಡೆ. ಓಡಿಹೋಗಿ ಕುಲಕರ್ಣಿ ಕಾಕುವಿನ ಬೆಲ್ ಒತ್ತಿ, ರೋಹನ ಕ್ಲಿಯರ್ ಆದನೆಂದು ಅವರ ಹೆಗಲ ಮೇಲೆ ಅತ್ತೆ. ಕಾಕು ನನ್ನ ಬೆನ್ನು ಸವರುತ್ತ, "ಅಭಿನಂದನ್, ಆಜಿ, ಅಭಿನಂದನ್!" ಎಂದರು. ಇವರಿಗೂ ತಲೆ ಕೆಟ್ಟಿತು ಎಂದುಕೊಂಡೆ!

ಸಂಜೆ ಎಲ್ಲರೂ ಸೇರಿದಾಗ ಸುಮಿತ್ರೆಯೇ ಮತ್ತೆ ಅರ್ಥ ಹೇಳಬೇಕಾಯಿತು. ಕ್ಲಿಯರ್ ಎಂದರೆ ಪಾಸು. ದೋನೋ ಎಂದರೆ ಎರಡೂ ವಿಷಯ. ಪ್ರಥಮೇಶನದೂ ಪಾಸು. ಆಮೇಲೆಯೇ ಕಡಲೆಬೇಳೆ ಒಲೆಗೆ ಏರಿತು. ಸದಾಶಿವ ಎರಡನೆಯ ಸಲ ಹಯಗ್ರೀವ ಬಡಿಸಿಕೊಂಡು, ಮಗನ ತಟ್ಟೆಗೆ ತನ್ನ ಗೋಡಂಬಿಗಳನ್ನು ಆರಿಸಿ ಹಾಕಿದ.

ರೋಹನ ಬಾಯಿ ತುಂಬಿಕೊಂಡು ನನ್ನ ಕಡೆ ತಿರುಗಿದ.

"ಅಜ್ಜಿ, ಎಟಿಕೇಟಿ ಅಂದ್ರೆ ಪ್ರೈಸ್ ಅಂದ್ರಿ. ಫೇಲ್. ಕ್ಲಿಯರ್ ಅಂದ್ರೆ ಡಿಸ್ಮಿಸ್ ಅಂದ್ರಿ. ಫೇಲ್. ಎರಡು ಸಬ್ಜೆಕ್ಟ್ ಹೋಯ್ತು. ಅಬ್ ಆಪ್ ಕೋ ಭೀ ಎಟಿಕೇಟಿ!"

ಅಂದಿನಿಂದ ಈ ಮನೆಯಲ್ಲಿ ನಾನು ಎಟಿಕೇಟಿಯ ಮೇಲೆಯೇ ಇದ್ದೇನೆ. ಮುಂದಿನ ಕ್ಲಾಸಿನಲ್ಲಿ ಕೂರಲು ಬಿಟ್ಟಿದ್ದಾರೆ. ಹಳೆಯ ಎರಡು ವಿಷಯ ಇನ್ನೂ ಕಟ್ಟಿಲ್ಲ. ಮೊನ್ನೆ, ಇಶಾನ್, ನೀನು ಫೋನಿನಲ್ಲಿ ನಿನಗೆ ಪರೀಕ್ಷೆಯಲ್ಲಿ ಅದೇನೋ "ಬ್ಯಾಕ್‌ಲಾಗ್" ಎಂದೆ. ನಾನು ಫೋನು ಸುಮಿತ್ರೆಯ ಕೈಗೆ ಕೊಟ್ಟೆ. ಕಡಲೆಬೇಳೆಯ ಡಬ್ಬಿಯನ್ನು ಮಾತ್ರ ಕೈಗೆಟಕುವ ಹಾಗೆ ಇಟ್ಟುಕೊಂಡೆ.